ಎಡಕ್ಕೆ ದೇವದಾರು, ಬಲಕ್ಕೆ ಬಯಲು

ದೌಲಪ್ಪಗೌಡರು ಬಸ್ಸು ಹತ್ತಿದ್ದೇ ತಡ, ಮಾಪಣ್ಣನ ಮೈ ತಾನಾಗಿ ಸೀಟಿನಿಂದ ಎದ್ದು ನಿಂತುಬಿಟ್ಟಿತು. ಯಾರೂ ಏಳು ಅಂದಿರಲಿಲ್ಲ. ಗೌಡರ ಕಣ್ಣು ಇನ್ನೂ ಅವನ ಮೇಲೆ ಬಿದ್ದೇ ಇರಲಿಲ್ಲ. ಎದ್ದ ಮೇಲೆ ಯಾಕೆ ಎದ್ದೆನೆಂದು ಅವನಿಗೇ ನಾಚಿಕೆಯಾಯಿತು; ಮತ್ತೆ ಕೂತರೆ ಇನ್ನೂ ನಾಚಿಕೆಗೇಡು. ಮಡಿಲಲ್ಲಿದ್ದ ಕೆಂಪು ಬಾಳೆಹಣ್ಣಿನ ಗಂಟನ್ನು ಎದೆಗವಚಿಕೊಂಡು, ಮೇಲಿನ ಸರಳು ಹಿಡಿದು ನಿಂತ. ರಜಾಕಾರರ ಕಾಲ ಮುಗಿದು ಐದು ತಿಂಗಳಾಗಿತ್ತು, ಕಮಲಾಪುರದ ಚಾವಡಿಯ ಮೇಲೆ ಹೊಸ ಬಾವುಟ ಹಾರುತ್ತಿತ್ತು, ಆದರೆ ಮೊಣಕಾಲಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಗೌಡರು ಅವನು ಬಿಟ್ಟ ಜಾಗದಲ್ಲಿ ಕೂತು, ಧೋತರದ ಚುಂಗು ಕೊಡವಿಕೊಂಡು, "ಎಲ್ಲಿಗಿ ಹೊಂಟಿ ಮಾಪಾ?" ಎಂದರು.

"ಕಲಬುರ್ಗಿಗ್ರೀ ಧಣಿ. ರೋಜಾ ಓಣಿಗಿ."

"ಆ ಮುದುಕಿ ಹೈದ್ರಾಬಾದಿಗಿ ಹೊಂಟಾಳಂತ, ಹೌದಲ್ಲ? ಡ್ರೈವರ್ ಕರೀಂಸಾಬ್ ಹೇಳ್ದ. ನೀ ಮಾಡಿದ್ದು ಪುಣ್ಯದ ಕೆಲಸ ನೋಡು. ಊರಾಗ ದೊಡ್ಡ ದೊಡ್ಡವ್ರು ಬಾಗಿಲಾ ಹಾಕ್ಕೊಂಡು ಕುಂತಾಗ ನೀ ಮಾಡ್ದಿ."

ಮಾಪಣ್ಣ ತಲೆ ತಗ್ಗಿಸಿದ. ಪುಣ್ಯ ಎಂಬ ಮಾತು ಕೇಳಿದಾಗಲೆಲ್ಲ ಬೇರೆಯವನ ಅಂಗಿ ತೊಟ್ಟುಕೊಂಡು ಬೀದಿಗೆ ಬಂದವನಂತೆ ಅವನಿಗೆ ಮೈ ಹಿಡಿಯಾಗುತ್ತಿತ್ತು. ಹೋದ ಸೆಪ್ಟೆಂಬರಿನಲ್ಲಿ ಆ ಮುದುಕಿ ಖುರ್ಷೀದ್ ಬೇಗಂ ಕಮಲಾಪುರಕ್ಕೆ ಎರಡು ಹರದಾರಿ ದೂರದ ಹಳ್ಳಿಯೊಂದರಲ್ಲಿದ್ದ ತನ್ನ ತಂಗಿಯ ಮನೆಗೆ ಬಂದಿದ್ದಳು. ಸೈನ್ಯ ಬಂತು ಎಂಬ ಸುದ್ದಿಯ ಬೆನ್ನಿಗೇ ಬೇರೆ ಸುದ್ದಿಗಳೂ ಬಂದವು. ರಜಾಕಾರರು ಮಾಡಿದ್ದಕ್ಕೆ ಸೇಡು ಎಂದು, ಏನನ್ನೂ ಮಾಡದವರ ಮನೆಗಳಿಗೂ ಬೆಂಕಿ ಬೀಳತೊಡಗಿತ್ತು. ಮಾಪಣ್ಣ ಹೊಲದಿಂದ ಮನೆಗೆ ಬರದೆ ನೇರ ಆ ಹಳ್ಳಿಗೆ ಓಡಿದ. ಮುದುಕಿಯ ಕೈಹಿಡಿದು ಹೊರಟಾಗ ಎದುರಿಗೆ ಎರಡು ದಾರಿಗಳಿದ್ದವು: ಬಂಡಿದಾರಿ, ಇಲ್ಲವೆ ಹಳ್ಳದ ದಾರಿ. ಅಲ್ಲಿ ಅರೆಗಳಿಗೆ ನಿಂತ. ಯಾವುದು ಎಂದು ಆರಿಸಬೇಕಾದವನು ಮತ್ತೆ ತಾನೇ. ಹಳ್ಳಕ್ಕಿಳಿದ. ಬಂಡಿದಾರಿಯಲ್ಲಿ ಅಂದು ಹೋದವರು ಊರು ಮುಟ್ಟಲಿಲ್ಲವೆಂದು ಆಮೇಲೆ ತಿಳಿಯಿತು. ಹತ್ತೊಂಬತ್ತು ದಿನ ಬೇಗಂ ಅವನ ಗುಡಿಸಲಿನಲ್ಲಿ, ಜೋಳದ ಕಣಜದ ಹಿಂದೆ, ಅವನ ಹೆಂಡತಿ ಬಂಡೆಮ್ಮನ ಸೀರೆ ಉಟ್ಟು ಕೂತಳು. ಹುಡುಕುತ್ತ ಬಂದವರು ಕೇರಿಯ ಅಂಚಿನವರೆಗೆ ಬಂದು, "ಪರದಾದ ಬೇಗಂ ಈ ಕೇರ್ಯಾಗ ಕಾಲಿಡ್ತಾಳೇನು" ಎಂದು ಹೊರಳಿಹೋದರು. ಯಾರೂ ಕಾಲಿಡಬಾರದ ಕೇರಿ ಎಂಬ ಅವಮಾನವೇ ಅವಳನ್ನು ಕಾದಿತ್ತು. ಅಂದಿನಿಂದ ಮಾಪಣ್ಣ ಪುಣ್ಯವಂತ. ಆದರೆ ಅವಳು ತನ್ನ ಗೆಳೆಯ ಸಿಕಂದರನ ತಾಯಿಯಲ್ಲದೆ ಬೇರೆ ಯಾವ ಮುದುಕಿಯಾಗಿದ್ದರೂ ತಾನು ಓಡುತ್ತಿದ್ದೆನೇ? ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಕೇಳಬಲ್ಲವನು ಒಬ್ಬನೇ, ಅವನು ಹಿಮದಡಿಯಲ್ಲಿ ಸತ್ತು ಆರು ವರ್ಷವಾಗಿತ್ತು.

ಬಸ್ಸು ಇಳಿಜಾರಿನಲ್ಲಿ ವಾಲಿತು. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಮಾಪಣ್ಣನ ಮೊಣಕಾಲು ಮಾತ್ರ ತಾನಾಗಿ ಬಾಗಿ, ಭಾರ ಎಡಗಾಲಿಗೆ ಸರಿದು, ಮೈ ಅಲುಗದೆ ನಿಂತಿತು. ಬಗ್ಗಿದ ಮೊಣಕಾಲಲ್ಲೇ ಎಲ್ಲ ಇದೆ ಎನ್ನುತ್ತಿದ್ದರು ಕಪ್ತಾನ ಸಾಹೇಬರು. ಏಳೆಂಟು ವರ್ಷದ ಹಿಂದೆ, ಸಿಕಂದರಾಬಾದಿನ ದಂಡಿನ ಪ್ರದೇಶದಲ್ಲಿ, ಆ ಇಂಗ್ಲಿಷ್ ಸಾಹೇಬರ ಬಂಗಲೆಯಲ್ಲಿ ಇಬ್ಬರೂ ಚಾಕರಿಗಿದ್ದರು, ಕಮಲಾಪುರದ ಇವನು, ಕಲಬುರಗಿ ರೋಜಾದ ಸಿಕಂದರ್. ಮಾಪಣ್ಣ ಬೂಟು, ಬಟ್ಟೆ ನೋಡಿಕೊಂಡರೆ ಸಿಕಂದರ್ ಅಡುಗೆ ನೋಡಿಕೊಳ್ಳುತ್ತಿದ್ದ. ಚಳಿಗಾಲದ ರಜೆಗೆ ಸಾಹೇಬರು ಕಾಶ್ಮೀರದ ಗುಲ್‌ಮರ್ಗಿಗೆ ಹೊರಟಾಗ ಇಬ್ಬರನ್ನೂ ಕರೆದುಕೊಂಡು ಹೋದರು. ಅಲ್ಲಿ ಊರಿಗೆ ಊರೇ ಬೆಳ್ಳಗೆ ಮುಚ್ಚಿಹೋಗಿತ್ತು. ಬಿಳಿಯರು ಕಾಲಿಗೆ ಆಳುದ್ದದ ಹಲಗೆ ಕಟ್ಟಿಕೊಂಡು ಬೆಟ್ಟದಿಂದ ಜಾರಿ ಬರುತ್ತಿದ್ದರು. ಅದಕ್ಕೆ ಸ್ಕೀ ಎನ್ನುತ್ತಿದ್ದರು. ಬೆಟ್ಟದ ಮೇಲೆ ಅವರು ತಂಗುವ ಗುಡಿಸಲಿಗೆ ರೊಟ್ಟಿ, ಚಹಾ ಹೊರುವವರು ಬೇಕಲ್ಲ, ಸಾಹೇಬರು ಇವರಿಬ್ಬರಿಗೂ ಹಳೆಯ ಹಲಗೆ ಕೊಟ್ಟು ಕಲಿಸಿದರು. ಮೊದಲ ವಾರ ಬಿದ್ದದ್ದೇ ಬಿದ್ದದ್ದು. ಎರಡನೆಯ ಚಳಿಗಾಲಕ್ಕೆ ಸಿಕಂದರ್ ಹಕ್ಕಿಯಾಗಿದ್ದ. ಹೊಸದಾಗಿ ಬಿದ್ದ ಹಿಮದ ಮೇಲೆ ಮೊದಲ ಗೆರೆ ತನ್ನದೇ ಆಗಬೇಕು ಎಂಬ ಹಟ ಅವನಿಗೆ.

ಮಾಪಣ್ಣನಿಗೆ ಬಂದದ್ದು ಬೇರೆ ವಿದ್ಯೆ. ಹಿಮ ಬಿದ್ದ ಮರುಬೆಳಿಗ್ಗೆ ಬೆಟ್ಟವೆಲ್ಲ ಒಂದೇ ಸಮ ನುಣ್ಣಗೆ ಕಾಣುತ್ತದೆ. ಯಾವ ಮಗ್ಗುಲಿಗೆ ಹೋಗಬೇಕು, ಯಾವುದು ಕುಸಿದು ಮನುಷ್ಯರನ್ನು ಹೂಳುತ್ತದೆ ಎಂದು ಕಣ್ಣಿಗೆ ತಿಳಿಯದು. ರಾತ್ರಿ ಗಾಳಿ ಯಾವ ಕಡೆಯಿಂದ ಬೀಸಿತು, ಅದು ಹಿಮವನ್ನು ಎಲ್ಲಿ ಒಯ್ದು ಸುರಿಯಿತು ಎಂದು ನೋಡಬೇಕು. ಕೋಲು ಚುಚ್ಚಿ, ಕೆಳಗೆ ಗಟ್ಟಿಯೋ ಟೊಳ್ಳೋ ತಿಳಿಯಬೇಕು. ಎರೆಹೊಲದಲ್ಲಿ ಕಾಲಿಟ್ಟು ಹದ ಹೇಳುವ ಮನೆತನದವನು ಅವನು; ಹಿಮದ ಹದವೂ ಅಂಗಾಲಿಗೆ ಹತ್ತಿತು. ಸಾಹೇಬರು ದಿನಾ ಬೆಳಿಗ್ಗೆ ಅವನ ಕಡೆ ತಿರುಗಿ, "ಆಜ್ ಕಿಧರ್, ಮಾಪಣ್ಣ?" ಎಂದು ಇವತ್ತಿನ ದಾರಿ ಕೇಳುತ್ತಿದ್ದರು. ಎಡಕ್ಕೆ ದೇವದಾರು ಮರಗಳ ನಡುವಿನ ಇಕ್ಕಟ್ಟಿನ ದಾರಿ. ಬಲಕ್ಕೆ ಬೋಳು ಬಯಲಿನ ಇಳಿಜಾರು. ಅವನು ಕೈ ಮಾಡಿದ ಕಡೆ ಎಲ್ಲರೂ ಹೋಗುತ್ತಿದ್ದರು. ಇಪ್ಪತ್ತೇಳು ವರ್ಷದ ಆಯುಷ್ಯದಲ್ಲಿ ಅವನ ಬೆರಳು ನೋಡಿ ಯಾರಾದರೂ ಹೆಜ್ಜೆ ಇಟ್ಟದ್ದು ಅಲ್ಲಿಯೇ ಮೊದಲು. ಆ ಸುಖ ಅವನಿಗೆ ರುಚಿ ಹತ್ತಿತ್ತು. ರುಚಿ ಹತ್ತಿದ್ದರಿಂದಲೇ, ಅದಕ್ಕೆ ಧಕ್ಕೆ ಬಂದ ದಿನ ಅಷ್ಟು ಉರಿಯಿತು.

"ಏ, ಇಳಿಯೋ, ಬಂತು," ಎಂದು ಕ್ಲೀನರ್ ಬೆನ್ನು ತಟ್ಟಿದ. ಗೌಡರು ಆಗಲೇ ಇಳಿದು ಹೋಗಿದ್ದರು.

ರೋಜಾದ ಓಣಿಯಲ್ಲಿ ಬೀಗ ಬಿದ್ದ ಬಾಗಿಲುಗಳನ್ನು ಮಾಪಣ್ಣ ಎಣಿಸಲಿಲ್ಲ. ದರ್ಗಾದ ಗುಮ್ಮಟದ ಮೇಲೆ ಪಾರಿವಾಳಗಳು ಎಂದಿನಂತೆ ಸುತ್ತುತ್ತಿದ್ದವು. ಹೂವಿನ ಚಾದರ ಮಾರುವವರು ಇಬ್ಬರೇ ಕೂತಿದ್ದರು. ಬೇಗಂಳ ಮನೆಯ ಅಂಗಳದಲ್ಲಿ ಟ್ರಂಕು, ಹಾಸಿಗೆಯ ಸುರುಳಿ, ತಾಮ್ರದ ಹಂಡೆ. ಅವಳ ಅಣ್ಣನ ಮಗ ಲಾಲ್ ಅಹ್ಮದ್ ಹಗ್ಗ ಬಿಗಿಯುತ್ತಿದ್ದ. ಹೈದರಾಬಾದಿನಲ್ಲಿ ಅಚ್ಚು ಹಾಕುವ ಛಾಪಖಾನೆಯ ಕೆಲಸದಲ್ಲಿದ್ದ ಅವನು ಅತ್ತೆಯನ್ನು ಕರೆದೊಯ್ಯಲು ಬಂದಿದ್ದ.

"ಬಾ ಬೇಟಾ," ಎಂದಳು ಬೇಗಂ. "ನೀ ಬರೋತನಕ ನಾ ಟಾಂಗಾ ಹತ್ತಂಗಿಲ್ಲ ಅಂತ ಇವಗ ಹೇಳೀನಿ. ಬಂಡೆಮ್ಮ ಹೆಂಗದಾಳ?"

"ಅರಾಮ ಅದಾಳ್ರೀ ಅಮ್ಮಾ. ಬಾಳಿಹಣ್ಣ ಕಳಸ್ಯಾಳ."

ಅವಳು ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಆರು ವರ್ಷದ ಹಿಂದೆ ಇದೇ ಅಂಗಳದಲ್ಲಿ, ಇದೇ ಕೈಗಳಿಗೆ, ಅವನು ಸಿಕಂದರನ ಕಂಬಳಿಯನ್ನೂ ಸಾಹೇಬರ ಚೀಟಿಯನ್ನೂ ಕೊಟ್ಟಿದ್ದ. ಹಿಮ ಕುಸಿದು ಸತ್ತ, ನಾನು ಬಹಳ ಮರುಗುತ್ತೇನೆ ಎಂದಷ್ಟೇ ಚೀಟಿಯಲ್ಲಿತ್ತು. ಅವಳು ಅತ್ತಿರಲಿಲ್ಲ. "ಅಂಥಾ ಜಾಗಾಕ್ಕ ಯಾಕ ಹೋದ? ಯಾರು ಹೋಗು ಅಂದ್ರು?" ಎಂದಿದ್ದಳು. ಆಗ ಮಾಪಣ್ಣನ ನಾಲಿಗೆ ಅವನನ್ನು ಕೇಳದೆಯೇ ಹೊರಳಿತ್ತು: "ಯಾರೂ ಅನ್ಲಿಲ್ರೀ. ಅಂವನೇ ಆರಿಸ್ದ. ಬ್ಯಾಡ ಅಂದ್ರೂ ಕೇಳ್ಲಿಲ್ಲ." ಅಷ್ಟೇ. ಒಂದು ಉಸಿರಿನಷ್ಟು ಮಾತು. ಆಮೇಲೆ ಸಂತೆಗೆ ಬಂದಾಗಲೆಲ್ಲ ಅವಳು ಅವನನ್ನು ಕೂರಿಸಿಕೊಂಡು ಅದನ್ನೇ ಕೇಳುವಳು. ಬರ್ಫ್ ಹೆಂಗಿರ್ತದ, ಹತ್ತಿ ಹಂಗಾ? ಅಂವ ಯಾವ ಅಂಗಿ ತೊಟ್ಟಿದ್ದ? ಕೇಳಿದಷ್ಟೂ ಅವನು ಹೇಳಿದ. ಹೇಳಿದಷ್ಟೂ ಸುಳ್ಳಿಗೆ ಕೈಕಾಲು ಬಂದವು. ಅವನ ಕಥೆಯೊಳಗಿನ ಸಿಕಂದರ್ ನಗುತ್ತ, ಯಾರ ಮಾತನ್ನೂ ಕೇಳದೆ, ತಾಯಿಯ ನೆನಪನ್ನೂ ಮಾಡದೆ ಬಯಲಿಗೆ ಹಾರುತ್ತಿದ್ದ. ಆ ಸಿಕಂದರನ ಮೇಲೆ ತಾಯಿಗೆ ಸಿಟ್ಟು ಬೆಳೆಯಿತು. "ಹಟಮಾರಿ. ನನ್ನ ಹೊಟ್ಟ್ಯಾಗ ಹುಟ್ಟಿ ನನ್ನ ನೆನಸ್ಲಿಲ್ಲ," ಎನ್ನುವಳು. ಹೆಸರು ಹೇಳುವುದನ್ನೇ ಬಿಟ್ಟಳು. ಜೋಳದ ಕಣಜದ ಹಿಂದೆ ಕೂತ ಹತ್ತೊಂಬತ್ತು ದಿನಗಳಲ್ಲೂ ಒಮ್ಮೆಯೂ ಅವನ ಹೆಸರೆತ್ತಲಿಲ್ಲ.

ಈಗ ಅವಳು ಲಾಲ್ ಅಹ್ಮದನ ಕಡೆ ತಿರುಗಿ, "ನೋಡು," ಎಂದಳು, "ನಾ ಹಡದಂವ ಒಂದ ಮಾತು ಕೇಳ್ದೆ ಹೋಗಿ ಸತ್ತ. ಇಂವ, ಯಾರ ಮಗನೋ ಏನೋ, ನನ್ನ ಜೀವಾ ಉಳಿಸ್ದ. ಅಲ್ಲಾ ಒಂದು ಕೈಲಿಂದ ತಗೊಂಡು ಇನ್ನೊಂದು ಕೈಲಿಂದ ಕೊಟ್ಟಾನ."

ಲಾಲ್ ಅಹ್ಮದ್ ಹಗ್ಗ ಬಿಟ್ಟು ಎದ್ದು ಬಂದು ಮಾಪಣ್ಣನ ಕೈ ಹಿಡಿದ. ಓದುಬರಹ ಬಲ್ಲ ಆ ತರುಣನ ಮುಖದಲ್ಲಿದ್ದ ಗೌರವ ನಿಜವಾದದ್ದಾಗಿತ್ತು. ಇನ್ನು ಎರಡು ತಾಸು, ಮಾಪಣ್ಣ ಅಂದುಕೊಂಡ. ಎರಡು ತಾಸು ಸುಮ್ಮನಿದ್ದರೆ ರೈಲುಗಾಡಿ ಹೋಗುತ್ತದೆ, ಇವಳು ಹೋಗುತ್ತಾಳೆ, ಪುಣ್ಯವಂತನಾಗಿಯೇ ಕಮಲಾಪುರಕ್ಕೆ ಮರಳಬಹುದು. ಹೇಳಿದರೆ ಯಾರಿಗೆ ಒಳ್ಳೆಯದು? ಮುದುಕಿಗೆ ಉಳಿದದ್ದು ಒಂದೇ ಆಸರೆ, ಅದನ್ನೂ ಕಿತ್ತುಕೊಂಡಂತೆ. ಈ ಯೋಚನೆ ಎಷ್ಟು ದಯೆಯದಾಗಿ ಕಂಡಿತೆಂದರೆ ಅವನಿಗೆ ಅದರ ಮೇಲೆ ಗುಮಾನಿ ಬಂತು. ಇವಳು ಹೈದರಾಬಾದಿಗೆ ಹೋಗಿ, ಸಾಯುವ ತನಕ ಮಗನನ್ನು ಬೈಯುತ್ತಾಳೆ. ಸತ್ತ ಮೇಲೂ ಅವನಿಗೆ ತಾಯಿ ಸಿಗಲಿಲ್ಲ. ಆ ತಾಯಿಯನ್ನು ಕಿತ್ತುಕೊಂಡು ತನ್ನ ಹೆಸರಿಗೆ ಮಾಡಿಕೊಂಡವನು ತಾನು.

"ಅಮ್ಮಾ," ಎಂದ. "ಸಿಕಂದರ್ ಆರಿಸ್ಲಿಲ್ರೀ. ನಾ ಆರಿಸ್ದೆ."

"ಏನಂದಿ?"

"ಆ ಹಾದಿ. ಅಂವ ಅಲ್ರೀ, ನಾ ತೋರಿಸ್ದೆ. ಅದು ಕುಸೀತದ ಅಂತ ನನಗ ಗೊತ್ತಿತ್ತು."

ಲಾಲ್ ಅಹ್ಮದ್ ಹಿಡಿದ ಕೈಯನ್ನು ಬಿಟ್ಟ. ಬೇಗಂ ಬಾಳೆಹಣ್ಣಿನ ಗಂಟನ್ನು ಹಂಡೆಯೊಳಗೆ ಇಟ್ಟಳು. ಅದರ ಮೇಲೆ ಒಂದು ಬಟ್ಟೆ ಮಡಿಚಿ ಹಾಕಿದಳು. ಮತ್ತೆ ತೆಗೆದು ಮತ್ತೆ ಮಡಿಚಿದಳು. ಓಣಿಯಲ್ಲಿ ಟಾಂಗಾ ಬಂದು ನಿಂತ ಸಪ್ಪಳವಾಯಿತು. "ಸಾಮಾನ ಇಡ್ಸು," ಎಂದಳು ಲಾಲ್ ಅಹ್ಮದನಿಗೆ. ಮಾಪಣ್ಣ ಟ್ರಂಕಿಗೆ ಕೈ ಹಾಕಲು ಹೋದ. ಲಾಲ್ ಅಹ್ಮದ್ ಅದನ್ನು ತನ್ನ ಕಡೆ ಎಳೆದುಕೊಂಡ. ಬಾಗಿಲಿಗೆ ಬೀಗ ಹಾಕಿ, ಬುರ್ಖಾ ಇಳಿಬಿಟ್ಟು, ಅವಳು ಟಾಂಗಾ ಹತ್ತಿದಳು. ಬಾ ಅನ್ನಲಿಲ್ಲ, ಬರಬೇಡ ಅನ್ನಲೂ ಇಲ್ಲ. ಟಾಂಗಾದ ಹಿಂದೆ, ಧೂಳಿನಲ್ಲಿ, ಅರ್ಧ ಓಡುತ್ತ ಅರ್ಧ ನಡೆಯುತ್ತ ಮಾಪಣ್ಣ ಸ್ಟೇಷನ್ ಮುಟ್ಟಿದ. ದಾರಿಯುದ್ದಕ್ಕೂ ಅವನು ಕಾಯುತ್ತಿದ್ದ ಹಗುರ ಬರಲಿಲ್ಲ. ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎಂದು ಯಾರು ಹೇಳಿದರೋ. ಇಷ್ಟು ದಿನ ಒಳಗಿದ್ದದ್ದು ಈಗ ಹೊರಗೂ ಇತ್ತು, ಅಷ್ಟೇ.

ಪ್ಲಾಟ್‌ಫಾರ್ಮಿನ ತುದಿಯ ಬೇವಿನ ಮರದ ಕೆಳಗೆ ಅವಳು ಟ್ರಂಕಿನ ಮೇಲೆ ಕೂತಳು. ಮಾಪಣ್ಣ ನಾಲ್ಕು ಮಾರು ದೂರ ನಿಂತ. ಅವಳು ಬುರ್ಖಾದ ಮುಸುಕು ಎತ್ತಿ, ಅವನ ಕಡೆ ನೋಡದೆ, "ಮೊದಲಿಂದ ಹೇಳು. ಈ ಸಲ ಖರೇ ಹೇಳು," ಎಂದಳು.

ಅವನು ಹೇಳಿದ. ಮೂರು ದಿನ ಒಂದೇ ಸಮ ಹಿಮ ಬಿದ್ದದ್ದು. ನಿಂತ ಮರುದಿನ ಎಲ್ಲರೂ ಬಯಲಿಗೇ ಹೋಗೋಣವೆಂದಾಗ ತಾನು ಬೇಡವೆಂದು ಮರಗಳ ನಡುವೆ ಕರೆದೊಯ್ದದ್ದು. ಬಯಲು ಸಂಜೆಯವರೆಗೂ ಏನೂ ಆಗದೆ ಬಿಸಿಲಲ್ಲಿ ಹೊಳೆಯುತ್ತ ಬಿದ್ದಿದ್ದದ್ದು. ಸಾಹೇಬರ ಜೊತೆ ಬಂದಿದ್ದ ಚಿಕ್ಕ ಅಧಿಕಾರಿಯೊಬ್ಬ, ನಿನ್ನ ಮಾತು ಕೇಳಿ ಒಳ್ಳೆಯ ದಿನ ಹಾಳಾಯಿತು ಎಂದು ಎಲ್ಲರ ಎದುರು ನಕ್ಕದ್ದು. ಅದು ಸಹಿಸಬಹುದಾಗಿತ್ತು. ಆದರೆ ರಾತ್ರಿ ಅಡುಗೆಮನೆಯಲ್ಲಿ, ಕಾಶ್ಮೀರಿ ಹಮಾಲರೆಲ್ಲ ಒಲೆಯ ಸುತ್ತ ಕೂತಿದ್ದಾಗ, ಸಿಕಂದರ್ ಒಂದು ಮಾತಂದ.

"ಏನಂದ?"

"ಬ್ಯಾಡ್ರೀ ಅಮ್ಮಾ."

"ಹೇಳು."

"'ಮಾಪಾಗ ಊರಾಗೂ ಹಾದಿ ಬಿಟ್ಟು ಬದೀಗಿ ನಿಂತೇ ರೂಢಿ, ಇಲ್ಲೀನೂ ಹಂಗೇ' ಅಂದ್ರೀ. ಚ್ಯಾಷ್ಟಿಗಿ ಅಂದ. ಎಲ್ಲಾರೂ ನಕ್ಕರು. ನಾನೂ ನಕ್ಕೆ."

ಬೇಗಂ ಕಣ್ಣು ಮುಚ್ಚಿದಳು.

ಆ ರಾತ್ರಿ ಅವನು ನಿದ್ದೆ ಮಾಡಲಿಲ್ಲ. ಬೇರೆ ಯಾರಾದರೂ ಅಂದಿದ್ದರೆ ಕಿವಿಯ ಮೇಲಿಂದ ಹೋಗುತ್ತಿತ್ತು. ಅಂದದ್ದು ಒಂದೇ ತಾಟಿನಲ್ಲಿ ಉಂಡವನು, ಊರು ಬಿಟ್ಟು ಸಾವಿರ ಮೈಲಿ ಬಂದ ಮೇಲೆ ಕೇರಿಯೂ ಹಿಂದೆ ಉಳಿಯಿತು ಎಂದು ಯಾರ ಜೊತೆಗಿದ್ದಾಗ ಅನಿಸಿತ್ತೋ ಅವನು. ಮತ್ತೆ ಗಾಳಿ ಎದ್ದು ಬಯಲಿನ ನೆತ್ತಿಯ ಮೇಲೆ ಇನ್ನಷ್ಟು ಹಿಮ ತಂದು ಸುರಿಯುತ್ತಿದ್ದುದು ಕೇಳಿಸುತ್ತಿತ್ತು. ಬೆಳಿಗ್ಗೆ ಅಲ್ಲಿಗೆ ಹತ್ತಿ ಕೋಲು ಚುಚ್ಚಿದ. ಒಂದು ಗೇಣು ಗಟ್ಟಿ, ಅದರ ಕೆಳಗೆ ಕೋಲು ತಾನಾಗಿ ಇಳಿಯಿತು. ಕಾಲಡಿ ಎಲ್ಲೋ ಆಳದಲ್ಲಿ, ಕಾಳು ತೆಗೆದು ಬರಿದಾದ ಹಗೇವಿನ ಮೇಲೆ ಹೆಜ್ಜೆ ಇಟ್ಟಂತೆ, ಧಪ್ ಎಂದಿತು. ಇನ್ನು ಸಂಶಯವಿರಲಿಲ್ಲ. ಆ ಹೊತ್ತಿಗೆ ಸಾಹೇಬರು ಕೇಳಿದರು: "ಆಜ್ ಕಿಧರ್?" ಎಲ್ಲರೂ ಅವನನ್ನೇ ನೋಡುತ್ತಿದ್ದರು. ಸಿಕಂದರನೂ ನೋಡುತ್ತಿದ್ದ.

"ನಾ ಬಲಕ್ಕ ಕೈ ಮಾಡ್ದೆ," ಎಂದ ಮಾಪಣ್ಣ. "ಯಾರಾರ ಸಾಯಲಿ ಅಂತ ಮಾಡ್ಲಿಲ್ರೀ. ಇನ್ನೊಮ್ಮೆ ನಗಬಾರದು ಅಂತ ಮಾಡ್ದೆ. ಕೈ ಮಾಡಿದ ಮ್ಯಾಲ ಹಿಂದಕ್ಕ ತಗೋಬೇಕಂತ ಅನ್ಕೊಂಡೆ. ತಗೋಳಿಕ್ಕ ಟೈಮ್ ಇತ್ತು. ನೂರು ಅಂಕಿ ಎಣಸೋವಷ್ಟು ಟೈಮ್ ಇತ್ತು. ಮೊದಲ ಗೆರಿ ತಂದೇ ಆಗ್ಬೇಕಂತ ಅಂವ ಎಲ್ಲಾರಿಗಿಂತ ಮುಂದ ಹಲಗಿಯ ಪಟ್ಟಿ ಬಿಗೀತಿದ್ದ. ನಾ ನೋಡ್ಕೋತ ನಿಂತೆ."

ದೂರದಲ್ಲಿ ಸಿಗ್ನಲ್ ಬಿದ್ದಿತು. ಕೂಲಿಗಳು ಎದ್ದರು. ಲಾಲ್ ಅಹ್ಮದ್ ಹಾಸಿಗೆಯ ಸುರುಳಿ ಎತ್ತಿ ಹೆಗಲಿಗೆ ಹಾಕಿಕೊಂಡು, ಅತ್ತೆ ಏಳಲಿ ಎಂದು ಕಾದ. ಅವಳು ಏಳಲಿಲ್ಲ.

"ನೀ ಕೈ ಮಾಡ್ದಾಗ ಅಂವ ಏನಂದ?"

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ತನಗೇ ಹೇಳಿಕೊಂಡಿರಲಿಲ್ಲ. ಆರು ವರ್ಷ ಕಟ್ಟಿದ ಕಥೆಯ ಸಿಕಂದರ್ ಅಡ್ಡ ನಿಂತು, ನಿಜವಾದ ಸಿಕಂದರನ ಮುಖ ಕಾಣದಂತೆ ಮಾಡಿದ್ದ. ಈಗ ಅದು ಕಂಡಿತು: ಚಳಿಗೆ ಒಡೆದ ತುಟಿ, ರೆಪ್ಪೆಯ ಮೇಲೆ ಕೂತ ಹಿಮದ ಪುಡಿ, ಹಿಂದಿನ ರಾತ್ರಿ ಆಡಿದ ಮಾತಿಗೆ ನಾಚಿ ಸಣ್ಣಗಾಗಿದ್ದ ಕಣ್ಣು.

"'ಮಾಪಾ ಹೇಳಿದ್ರ ಮುಗೀತು, ಠೀಕ್ ಇರ್ತದ' ಅಂದ್ರೀ. ನನ್ನ ಹೆಗಲ ಮ್ಯಾಲ ಕೈ ಇಟ್ಟ. ಹೋದ."

ಗಾಡಿ ಹೊಗೆ ಬಿಡುತ್ತ ಬಂದು ನಿಂತಿತು. ಆ ಗದ್ದಲದಲ್ಲಿ ಬೇಗಂಳ ಬಾಯಿಯಿಂದ ಹೊರಟ ದನಿ ಮೊದಲು ಯಾರಿಗೂ ಕೇಳಿಸಲಿಲ್ಲ. ಅವಳು ಟ್ರಂಕಿನ ಮೇಲೆ ಮುಂದಕ್ಕೆ ಬಾಗಿ, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಳು. "ಮಾತು ಕೇಳಿ ಹೋದ," ಎನ್ನುತ್ತಿದ್ದಳು, "ನನ್ನ ಸಿಕಂದರ್ ಕೇಳಿ ಹೋದ, ಯಾ ಅಲ್ಲಾ, ನಾ ಅವಗ ಆರು ವರ್ಷ ಬೈದೆ." ಲಾಲ್ ಅಹ್ಮದ್ ಸುರುಳಿಯನ್ನು ನೆಲಕ್ಕೆ ಹಾಕಿ, ಅತ್ತೆಯ ತೋಳು ಹಿಡಿದೆತ್ತಿ, ಹೆಂಗಸರ ಡಬ್ಬಿಯವರೆಗೆ ನಡೆಸಿದ. ಅವಳನ್ನು ಕಿಟಕಿಯ ಪಕ್ಕ ಕೂರಿಸಿ, ಸಾಮಾನು ಒಳಗೆ ತಳ್ಳಿ, ಕೆಳಗಿಳಿದು ಮಾಪಣ್ಣನ ಎದುರು ಬಂದು ನಿಂತ.

"ಇನ್ನ ಹೋಗು ನೀ," ಎಂದ. "ಆತಲ್ಲ ಹೇಳೋದು? ನಡಿ ಇಲ್ಲಿಂದ. ಆಕೀ ಕಣ್ಣ ಮುಂದ ನಿಲ್ಲಬ್ಯಾಡ."

ಮಾಪಣ್ಣ ತಿರುಗಿದ. ಎರಡು ಹೆಜ್ಜೆ ಇಟ್ಟಿರಬೇಕು. ಕಿಟಕಿಯ ಸರಳುಗಳ ಹಿಂದಿನಿಂದ, ಅತ್ತು ಒಡೆದ ದನಿಯಲ್ಲಿ, ಆದರೆ ಸ್ಪಷ್ಟವಾಗಿ ಅವಳೆಂದಳು:

"ಲಾಲ್, ಬಿಡು. ಗಾಡಿ ಹೋಗೋತನಕ ಇರಲಿ ಅಂವ. ಸಿಕಂದರ್ಗ ಕಡೀಗಿ ನೋಡ್ದಂವ ಅಂವ ಒಬ್ಬನೇ ಅದಾನ."

ಮಾಪಣ್ಣ ನಿಂತ. ಅವಳು ಮುಸುಕು ಇಳಿಸಲಿಲ್ಲ. ಅವನನ್ನೇ ನೋಡಿದಳು, ಕ್ಷಮೆಯಿಲ್ಲದೆ, ಶಾಪವೂ ಇಲ್ಲದೆ, ದೂರದ ಊರಿಗೆ ಹೋದ ಮಗನನ್ನು ಕಂಡು ಬಂದವನ ಮುಖದಲ್ಲಿ ಮಗನನ್ನು ಹುಡುಕುವವಳಂತೆ. ಅವನು ಮುಖ ತಿರುಗಿಸಲಿಲ್ಲ. ಗಾರ್ಡು ಸೀಟಿ ಊದಿದ, ಲಾಲ್ ಅಹ್ಮದ್ ಪಕ್ಕದ ಡಬ್ಬಿ ಹತ್ತಿಕೊಂಡ. ಗಾಡಿ ಅಲುಗಿ, ಮೆಲ್ಲಗೆ ಸರಿಯತೊಡಗಿ, ಒಂದೊಂದೇ ಕಿಟಕಿ ದಾಟಿ, ಕೊನೆಯ ಡಬ್ಬಿಯೂ ದಾಟಿ ವಾಡಿ ಜಂಕ್ಷನ್ನಿನ ಕಡೆಗೆ ಹೋಯಿತು.